ಮನೆ ಬಿಡೋದು ಅಂದರೆ ಏನು?
(ಓದಬೇಕಾದ ಭಾಗ: ಮಾರ್ಕ 10:28-30)

ಎಲ್ಲಾ ಬಿಟ್ಟು ನಿಮ್ಮ ಹಿಂದೆ ಬಂದೆವಲ್ಲ ಅಂತ ಪೇತ್ರ ಕೇಳಿದ. ಯೇಸುಸ್ವಾಮಿಯ ಉತ್ತರವನ್ನು ನಿಧಾನವಾಗಿ ಓದಿರಿ. ಬಿಟ್ಟವುಗಳ ಪಟ್ಟಿಯಲ್ಲಿ ತಂದೆ ಇದ್ದಾನೆ. ನೂರರಷ್ಟು ಸಿಗುವವುಗಳಲ್ಲಿ ಮನೆ, ತಾಯಂದಿರು, ಮಕ್ಕಳು, ಹೊಲ ಇವೆ, ತಂದೆ ಇಲ್ಲ. ಆ ಸ್ಥಾನ ದೇವರದ್ದು ಎಂದು ಅನೇಕ ಬೋಧಕರು ವಿವರಿಸುತ್ತಾರೆ. ಜೊತೆಗೆ ಹಿಂಸೆಯೂ ಬರುತ್ತದೆ ಎಂಬ ಮಾತಿದೆ. ಅದನ್ನು ಮಾತ್ರ ನಮ್ಮ ಜನ ಹಾರಿಸಿ ಓದುತ್ತಾರೆ!

ಬೀದರ್, ಭಾಲ್ಕಿ, ಔರಾದ್ ಕಡೆ ನಿಜಾಮರ ಕಾಲದಲ್ಲಿ ಮೆಥೊಡಿಸ್ಟ್ ಮಿಷನ್ನಿನ ಮೂಲಕ ವಿಶ್ವಾಸಕ್ಕೆ ಬಂದವರಲ್ಲಿ ಹೆಚ್ಚಿನವರು ದಲಿತರು. ಒಬ್ಬೊಬ್ಬರೇ ಮನೆ ಬಿಟ್ಟು ಹೊರಟದ್ದು ಕಡಿಮೆ. ಅಪ್ಪ, ಅವ್ವ, ಮಕ್ಕಳು ಕೂಡಿಯೇ ಬಂದರು, ಅದೇ ಕೇರಿಯಲ್ಲಿ ಉಳಿದರು. ಹಾಗಾದರೆ ಅವರು ಬಿಟ್ಟದ್ದೇನು? 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದವನಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ದೀಕ್ಷಾಸ್ನಾನ ಪಡೆಯದ ಅಣ್ಣನಿಗೆ ಸಿಗುವ ಸರ್ಟಿಫಿಕೇಟು ಪಡೆದ ತಮ್ಮನಿಗೆ ಸಿಗದು. ಊರಿನವರು ಮಾತ್ರ ಇಬ್ಬರನ್ನೂ ಹಳೇ ಜಾತಿಯಿಂದಲೇ ಕರೀತಾರೆ. ಮನೆ ಬಿಡದೆಯೂ ತೆರಬೇಕಾದ ಬೆಲೆ ಇದು. ಕಚೇರಿಯಲ್ಲಿ ಒಂದು ಹೆಸರು, ದೇವಾಲಯದಲ್ಲಿ ಒಂದು ಹೆಸರು ಇಟ್ಟುಕೊಂಡವರನ್ನು ಬೈಯುವ ಮುಂಚೆ ಆ ತಮ್ಮನ ಜಾಗದಲ್ಲಿ ನಿಂತು ನೋಡಬೇಕು.

ಮುದಿ ತಂದೆತಾಯಿಯನ್ನು ಕೈಬಿಡೋದಕ್ಕೆ ಈ ವಚನ ಪರವಾನಗಿಯಲ್ಲ. ಹೆತ್ತವರಿಗೆ ಸಲ್ಲಬೇಕಾದ್ದನ್ನು ದೇವರಿಗೆ ಮುಡಿಪು ಎಂದು ತಪ್ಪಿಸಿಕೊಳ್ಳುವವರನ್ನು ಯೇಸುಸ್ವಾಮಿ ಗದರಿಸಿದರು (ಮಾರ್ಕ 7:9-13). ಅವ್ವನ ಔಷಧಿಯ ದುಡ್ಡನ್ನು ಕಾಣಿಕೆ ಡಬ್ಬಿಗೆ ಹಾಕುವ ಯಾತ್ರಿಕರಿಗೂ ಆ ಮಾತು ಸೇರುತ್ತದೆ. ಎಲ್ಲಾ ಬಿಟ್ಟೆ ಅಂದ ಪೇತ್ರನ ಮನೆಯಲ್ಲೇ ಅವನ ಅತ್ತೆಯ ಜ್ವರ ವಾಸಿಯಾಯಿತು. ಮುಂದೆ ಸೇವೆಗೆ ಹೋದಾಗ ಹೆಂಡತಿಯೂ ಜೊತೆಗಿದ್ದಳು (1 ಕೊರಿಂಥ 9:5).