ಊರಿನ ಪರಂಪರೆಗೂ ಒಂದು ಲೆಕ್ಕಪುಸ್ತಕ

ಅಕೌಂಟೆನ್ಸಿ ತರಗತಿಯಲ್ಲಿ ನಾವು ಮೊದಲು ಕಲಿಯುವ ಮಾತು: ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಎರಡನೆಯದು, ಬರೆದ ಲೆಕ್ಕವನ್ನು ಗುಟ್ಟಾಗಿ ಅಳಿಸುವಂತಿಲ್ಲ. ಮೂರನೆಯದು, ಬೇರೆಯವರು ಬಂದು ಪರಿಶೀಲಿಸಲು ಪುಸ್ತಕ ಸಿದ್ಧವಿರಬೇಕು. ಹಳೆಯ ಕಟ್ಟಡ, ಬಾವಿ, ಶಾಸನ, ಕಸುಬುಗಳನ್ನು ಹಲವರು ಸೇರಿ ಅಂತರ್ಜಾಲದಲ್ಲಿ ದಾಖಲಿಸುವ ಕೆಲಸಕ್ಕೂ ಇವೇ ಮೂರು ನಿಯಮಗಳು ಆಧಾರ.

ನಮ್ಮ ಬೀದರನ್ನೇ ನೋಡೋಣ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ, ಕೋಟೆ, ಅಷ್ಟೂರಿನ ಬಹಮನಿ ಗೋರಿಗಳು ಎಲ್ಲರಿಗೂ ಗೊತ್ತು. ಅವುಗಳ ಚಿತ್ರ ಸಾವಿರಾರು ಇವೆ. ಆದರೆ ನೌಬಾದ್‌ನ ಕರೇಜ್? ಅದು ನೆಲದಡಿಯ ನೀರಿನ ಸುರಂಗ. ಮೇಲೆ ಕಾಣುವುದು ಸಾಲಾಗಿ ತೋಡಿದ ಗಾಳಿಬಾವಿಗಳ ಬಾಯಿ ಮಾತ್ರ. ಇಂಥ ಒಂದು ಬಾಯಿ ಕಸದಿಂದ ಮುಚ್ಚಿದರೆ ಸುರಂಗ ಎಲ್ಲಿ ಹಾದುಹೋಗಿದೆ ಎಂಬ ಗುರುತೂ ಹೋಗುತ್ತದೆ. ದೊಡ್ಡ ಸ್ಮಾರಕಕ್ಕೆ ಕಾವಲುಗಾರರಿದ್ದಾರೆ. ಇಂಥ ಸಣ್ಣ ಗುರುತುಗಳಿಗೆ ನಾವೇ ಕಾವಲು.

ಇದಕ್ಕೆ ಉಚಿತವಾಗಿ ಸಿಗುವ ನಾಲ್ಕು ಸಾಧನಗಳು:

1. ಓಪನ್‌ಸ್ಟ್ರೀಟ್‌ಮ್ಯಾಪ್ (2004): ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಪ್ರತಿ ಗಾಳಿಬಾವಿಯನ್ನೂ ಅದರ ನಿಜವಾದ ಸ್ಥಳದಲ್ಲಿ ಗುರುತಿಸಬಹುದು.

2. ವಿಕಿಮೀಡಿಯ ಕಾಮನ್ಸ್: ನಾವೇ ತೆಗೆದ ಚಿತ್ರಗಳನ್ನು ಮುಕ್ತ ಪರವಾನಗಿಯಲ್ಲಿ ಸೇರಿಸುವ ಭಂಡಾರ. ದಿನಾಂಕ, ಸ್ಥಳ, ವಿವರಣೆ ಬರೆಯಬೇಕು. ಇವಿಲ್ಲದ ಚಿತ್ರ ದಿನಾಂಕವಿಲ್ಲದ ಬಿಲ್ಲಿನಂತೆ.

3. ಕನ್ನಡ ವಿಕಿಪೀಡಿಯ (2003): ಇಲ್ಲಿ ಪ್ರಕಟಿತ ಆಧಾರವೇ ವೋಚರ್. ದಾದಿ ಹೇಳಿದ ಕಥೆ ನಿಜವೇ ಇರಬಹುದು, ಆದರೆ ಅಷ್ಟನ್ನೇ ನಂಬಿ ಲೇಖನ ಬರೆಯುವಂತಿಲ್ಲ. ಅಂಥ ಕಥೆಯನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ ಕಾಲೇಜಿನ ಗ್ರಂಥಾಲಯದಲ್ಲಿ ಇಡಬಹುದು.

4. ವಿಕಿಸೋರ್ಸ್: ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಟೈಪ್ ಮಾಡಿ ಉಳಿಸುವ ಜಾಗ. ಭಾರತದಲ್ಲಿ ಸಾಮಾನ್ಯವಾಗಿ ಲೇಖಕರು ತೀರಿಕೊಂಡ ಬಳಿಕ 60 ವರ್ಷ ಹಕ್ಕು ಇರುತ್ತದೆ.

ತಪ್ಪು ಮಾಹಿತಿ ಹಾಕಿದರೆ ಏನು ಗತಿ ಎಂದು ಕೆಲವರು ಕೇಳುತ್ತಾರೆ. ವಿಕಿಪೀಡಿಯದ ಪ್ರತಿ ಪುಟಕ್ಕೂ 'ಇತಿಹಾಸ' ಎಂಬ ವಿಭಾಗವಿದೆ. ಯಾವ ಖಾತೆಯಿಂದ, ಯಾವಾಗ, ಏನು ಬದಲಾಯಿತು ಎಂಬುದು ಅಲ್ಲಿ ಉಳಿಯುತ್ತದೆ. ತಪ್ಪನ್ನು ತೆಗೆದು ಹಿಂದಿನ ರೂಪಕ್ಕೆ ತರಬಹುದು. 'ಚರ್ಚೆ' ಪುಟದಲ್ಲಿ ಪ್ರಶ್ನೆ ಕೇಳಬಹುದು. ಇದು ದಿನವೂ ನಡೆಯುವ ಆಡಿಟ್.

ಈಗ ಮುಖ್ಯ ಮಾತು. ನಮ್ಮ ಜಿಲ್ಲೆಯ ಚರಿತ್ರೆ ಒಂದೇ ಲಿಪಿಯಲ್ಲಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ, ಕೋಟೆಯ ಬಾಗಿಲಲ್ಲಿ ಫಾರಸಿ ಬರಹವಿದೆ, ಮದರಸಾದ ಗೋಡೆಯ ನೀಲಿ ಹೆಂಚುಗಳಲ್ಲಿ ಅರಬ್ಬಿ ಅಕ್ಷರಗಳಿವೆ. ಅಷ್ಟೂರಿನಲ್ಲಿ ಅಹ್ಮದ್ ಷಾ ವಲಿಯ ಉರುಸಿಗೆ ಜಂಗಮರು ಮುಂದಾಳಾಗಿ ಬರುತ್ತಾರೆ. ಇದನ್ನೆಲ್ಲ ಒಬ್ಬರೇ ಓದಿ ದಾಖಲಿಸಲು ಆಗದು. ಮನೆಯಲ್ಲಿ ಉರ್ದು ಕಲಿತ ನಮಗೆ ಫಾರಸಿಯ ಅರ್ಥ ಪೂರ್ತಿ ಆಗದಿದ್ದರೂ ಅಕ್ಷರಗಳ ಪರಿಚಯವಿದೆ. ಕನ್ನಡ ಐಚ್ಛಿಕ ಓದುವ ಗೆಳೆಯರಿಗೆ ಹಳಗನ್ನಡದ ಜಾಡು ಗೊತ್ತು. ಇಬ್ಬರೂ ಸೇರಿ, ಬಲ್ಲವರಿಗೆ ತೋರಿಸಿ, ಒಂದೇ ಪುಟಕ್ಕೆ ಬರೆದರೆ ಮಾತ್ರ ಲೆಕ್ಕ ತಾಳೆಯಾಗುತ್ತದೆ. ಅರ್ಧ ಜನ ಅರ್ಧ ಚರಿತ್ರೆಯನ್ನು ಮಾತ್ರ ಬರೆದಿಟ್ಟರೆ, ಉಳಿದರ್ಧ ಇರಲೇ ಇಲ್ಲ ಎಂದು ಮುಂದಿನವರು ನಂಬಿಬಿಡಬಹುದು.

ಕೆಲವು ಎಚ್ಚರಿಕೆಗಳು. ಬೇರೆಯವರ ಚಿತ್ರವನ್ನು ನಮ್ಮದೆಂದು ಹಾಕಬಾರದು. ಬಿದರಿ ಕುಶಲಕರ್ಮಿಗಳ ಚಿತ್ರ ತೆಗೆಯುವ ಮೊದಲು ಅವರನ್ನು ಕೇಳಬೇಕು. ದರ್ಗಾ, ದೇವಸ್ಥಾನ, ಮಸೀದಿಗಳಲ್ಲಿ ಅಲ್ಲಿನ ಹಿರಿಯರ ಅನುಮತಿ ಪಡೆಯಬೇಕು. ಅಕ್ಷರ ಸರಿಯಾಗಿ ಕಾಣಲೆಂದು ಕಲ್ಲನ್ನು ಉಜ್ಜುವುದು, ಸುಣ್ಣ ಬಳಿಯುವುದು ಖಂಡಿತ ಬೇಡ.

ನನ್ನ ಸಲಹೆ ಇಷ್ಟು: ಪ್ರತಿ ತರಗತಿಯಲ್ಲಿ ಕನ್ನಡ ಬಲ್ಲವರು, ಉರ್ದು ಬಲ್ಲವರು ಸೇರಿ ನಾಲ್ಕು ಜನರ ಒಂದು ತಂಡ ಮಾಡಿಕೊಳ್ಳಲಿ. ತಿಂಗಳಿಗೆ ಒಂದೇ ಒಂದು ಬಾವಿ, ಕಲ್ಲು ಅಥವಾ ಕಟ್ಟಡ ಸಾಕು. ಚಿತ್ರ, ಸ್ಥಳ, ಆಧಾರ, ಈ ಮೂರೂ ಕೂಡಿದ ಮೇಲೆ ಅಧ್ಯಾಪಕರಿಗೆ ತೋರಿಸಿ ಸೇರಿಸೋಣ. ಮೊದಲ ಎಂಟ್ರಿ ನೌಬಾದ್‌ನ ಒಂದು ಗಾಳಿಬಾವಿಯದಾಗಲಿ.