ಮುಂಬಯಿಗೆ ಹೊರಟಿರಾ? ಬಾಡಿಗೆ ಕರಾರು ನೋಂದಣಿಯಾಗಲಿ

ಮತ್ಸ್ಯಗಂಧಾದಲ್ಲೋ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲೋ ಬಂದಿಳಿದು ಕೆಲಸಕ್ಕೆ ಸೇರುವ ನಮ್ಮ ಹುಡುಗ ಹುಡುಗಿಯರು ಮುಂಬಯಿಯಲ್ಲಿ ಮೊದಲು ಎಡವುವುದು ಬಾಡಿಗೆ ಮನೆಯ ವಿಷಯದಲ್ಲಿ. ಊರಿನ ರೂಢಿಯನ್ನೇ ಇಲ್ಲಿಗೂ ತರುತ್ತಾರೆ. ಸಾಧಾರಣ ಸಂಬಳದಲ್ಲೂ ಈ ನಗರದಲ್ಲಿ ಮರ್ಯಾದೆಯಿಂದ ಬದುಕಬಹುದು, ಮನೆ ಹಿಡಿಯುವಾಗ ದುಡುಕದಿದ್ದರೆ.

ಮೊದಲು ರೈಲು ಮಾರ್ಗ ನೋಡಿ, ಆಮೇಲೆ ಮನೆ. ಕಚೇರಿ ಅಂಧೇರಿಯಲ್ಲಿದ್ದರೆ ಪಶ್ಚಿಮ ರೈಲ್ವೆಯ ಬೊರಿವಲಿ, ಮೀರಾರೋಡ್, ವಸಾಯಿ ಕಡೆ ಹುಡುಕಿ. ಕಚೇರಿ ಕೋಟೆ (ಫೋರ್ಟ್) ಭಾಗದಲ್ಲಿ, ಸಿಎಸ್‌ಎಂಟಿ ನಿಲ್ದಾಣದ ಹತ್ತಿರವಾದರೆ ಮಧ್ಯ ರೈಲ್ವೆಯ ಥಾಣೆ, ಡೊಂಬಿವಲಿ. ಬಾಡಿಗೆ ಅಗ್ಗವೆಂದು ಡೊಂಬಿವಲಿಯಲ್ಲಿ ಮನೆ ಹಿಡಿದು ಅಂಧೇರಿಗೆ ಓಡಾಡುವವರು ಘಾಟ್‌ಕೋಪರ್‌ನಲ್ಲಿ ಇಳಿದು ಮೆಟ್ರೊ ಹತ್ತಬೇಕು. ದುಡ್ಡೂ ಹೋಗುತ್ತದೆ, ಮೈಯೂ ಸೋಲುತ್ತದೆ. ನಿಲ್ದಾಣದಿಂದ ಮನೆಗೆ ನಡೆದೇ ಹೋಗುವಂತಿರಲಿ. ದಿನಕ್ಕೆರಡು ಸಲ ಆಟೊ ಹಿಡಿದರೆ ತಿಂಗಳ ಪಾಸಿನ ಉಳಿತಾಯ ಅಲ್ಲಿಗೇ ಮುಗಿಯಿತು. ಮುಂಗಡ ಕೊಡುವ ಮೊದಲು ಕೆಲಸದ ದಿನ ಬೆಳಗ್ಗೆ ಒಮ್ಮೆ ಆ ಮಾರ್ಗದಲ್ಲಿ ಪ್ರಯಾಣಿಸಿ. ಭಾನುವಾರದ ಖಾಲಿ ಲೋಕಲ್ ನೋಡಿ ಲೆಕ್ಕ ಹಾಕಬೇಡಿ.

ಮನೆಯನ್ನು ಮಧ್ಯಾಹ್ನ ಮೂರರ ಬಿಸಿಲಲ್ಲಿ ನೋಡಿ. ಪಶ್ಚಿಮಕ್ಕೆ ಮುಖ ಮಾಡಿದ ಕಡೇ ಮಹಡಿ ಅಕ್ಟೋಬರ್ ಸೆಖೆಯಲ್ಲಿ ಕುದಿಯುತ್ತದೆ. ಬಾಡಿಗೆಯಲ್ಲಿ ಉಳಿದದ್ದು ಎಸಿಯ ಕರೆಂಟ್ ಬಿಲ್ಲಿಗೆ ಹೋಗುತ್ತದೆ. ಅದೇ ಮಹಡಿ ಮಳೆಗಾಲದಲ್ಲಿ ಸೋರುವುದೂ ಉಂಟು. ಚಾವಣಿಯ ಮೂಲೆಗಳಲ್ಲಿ ಹೊಸ ಬಣ್ಣದ ತೇಪೆ ಕಂಡರೆ ಕೇಳದೆ ಬಿಡಬೇಡಿ.

ಈಗ ಕರಾರು. ಬೆಂಗಳೂರಿನಲ್ಲಿ ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಬರೆದು ಸಹಿ ಹಾಕಿದರೆ ಆಯಿತು ಎಂಬ ಅಭ್ಯಾಸ ಎಲ್ಲರಿಗೂ ಇದೆ. ಇಲ್ಲಿ ಅದು ನಡೆಯದು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನ ಪ್ರಕಾರ ಇಲ್ಲಿ ಬಾಡಿಗೆ ಮನೆಗೆ ಮಾಡಿಕೊಳ್ಳುವ ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಎಷ್ಟೇ ತಿಂಗಳಿನದಾಗಿರಲಿ, ಬರಹದಲ್ಲಿರಬೇಕು, ನೋಂದಣಿಯಾಗಲೇಬೇಕು. ನೋಂದಾಯಿಸುವ ಹೊಣೆ ಮನೆ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ನೋಟರಿ ಸಾಕು, ಖರ್ಚು ಯಾಕೆ’ ಎಂದು ದಲ್ಲಾಳಿ ಹೇಳಿದರೆ ಒಪ್ಪಬೇಡಿ. ಖರ್ಚಾದರೂ ಎಷ್ಟು? ತಿಂಗಳಿಗೆ 20,000 ಬಾಡಿಗೆ, ಒಂದು ಲಕ್ಷ ಠೇವಣಿ, ಹನ್ನೊಂದು ತಿಂಗಳು ಎಂದಿಟ್ಟುಕೊಳ್ಳಿ. ಒಟ್ಟು ಬಾಡಿಗೆಗೆ ಠೇವಣಿಯ ಮೇಲಿನ ಶೇ 10ರ ಬಡ್ಡಿ ಕೂಡಿಸಿ, ಅದರ ಶೇ 0.25 ಮುದ್ರಾಂಕ ಶುಲ್ಕ. ಅಂದರೆ ಆರುನೂರು ರೂಪಾಯಿಯೊಳಗೆ. ನಗರಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಮನೆಗೇ ಬಂದು ಹೆಬ್ಬೆರಳ ಗುರುತು ಪಡೆದು ಆನ್‌ಲೈನ್ ನೋಂದಣಿ ಮಾಡಿಸುವ ಏಜೆಂಟರಿದ್ದಾರೆ, ಅವರ ಕೂಲಿ ಬೇರೆ. ಇಷ್ಟನ್ನು ಉಳಿಸಲು ಹೋಗಿ ಠೇವಣಿಗೆ ಪುರಾವೆಯೇ ಇಲ್ಲದೆ ಅಲೆದವರನ್ನು ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಠೇವಣಿಯ ಮೊತ್ತ, ಹಿಂತಿರುಗಿಸುವ ದಿನ ಕರಾರಿನಲ್ಲೇ ಬರಲಿ. ಹಣ ಬ್ಯಾಂಕ್ ಮೂಲಕವೇ ಹೋಗಲಿ. ಅವಧಿ ಮುಗಿದ ಮೇಲೆ ನವೀಕರಿಸದೆ ಕೂತರೆ ಕಾಯ್ದೆಯಂತೆ ದುಪ್ಪಟ್ಟು ಬಾಡಿಗೆ ತೆರಬೇಕಾದೀತು, ಆ ತಾರೀಖನ್ನೂ ಮರೆಯಬೇಡಿ.

‘ಹೆವಿ ಡಿಪಾಸಿಟ್’ ಮನೆಗಳ ಹತ್ತಿರ ಸುಳಿಯಬೇಡಿ. ಲಕ್ಷಗಟ್ಟಲೆ ಇಡುಗಂಟು, ಹೆಸರಿಗಷ್ಟೇ ಬಾಡಿಗೆ. ನಮ್ಮ ಭೋಗ್ಯದ ಮನೆಯದೇ ವ್ಯವಹಾರ. ಮಾಲೀಕ ಗೃಹಸಾಲ ಕಟ್ಟದಿದ್ದರೆ ಬ್ಯಾಂಕ್ ಮನೆಯನ್ನು ವಶಪಡಿಸಿಕೊಳ್ಳಬಹುದು, ಆಗ ನಿಮ್ಮ ಗಂಟಿಗೆ ಗತಿಯಿಲ್ಲ. ಮನೆ ನಿಜಕ್ಕೂ ಯಾರದೆಂದು ಇಂಡೆಕ್ಸ್-2 (ಮನೆ ಖರೀದಿ ನೋಂದಣಿಯ ಸಾರಪತ್ರ) ಪ್ರತಿ ಹಾಗೂ ಸೊಸೈಟಿ ಬಿಲ್ಲಿನಲ್ಲಿ ಹೆಸರು ನೋಡಿ ಖಾತ್ರಿ ಮಾಡಿಕೊಳ್ಳಿ.

ಊಟದ ಮಾತು ಚುಟುಕಾಗಿ: ತಿಂಗಳ ಲೆಕ್ಕದ ಊಟದ ಡಬ್ಬಿ ಗೊತ್ತುಮಾಡಿ, ಮಾಟುಂಗದ ಕಡೆ ಹೋದಾಗ 1942ರಿಂದಿರುವ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಕೋಣೆಗೆ ಜೊತೆಗಾರರು ಬೇಕಿದ್ದರೆ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಡೊಂಬಿವಲಿ ಕರ್ನಾಟಕ ಸಂಘಗಳ ಕಾರ್ಯಕ್ರಮಗಳಿಗೆ ಹೋಗಿ ವಿಚಾರಿಸಿ. ಜೊತೆಗಾರರೆಲ್ಲರ ಹೆಸರೂ ಕರಾರಿನಲ್ಲಿರಲಿ.