ಕೂಸಿನ ಕೈ ಬಾಯಿಗೆ ಹೋದರೆ ಗದರಬೇಡಿ, ಕೈಗೆ ಬೇರೆ ಕೆಲಸ ಕೊಡಿ



ಒಂದರಿಂದ ಮೂರು ವರ್ಷದ ಮಕ್ಕಳು ಸದಾ ಬೆರಳು ಚೀಪುತ್ತಾರೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ ಎಂಬ ಚಿಂತೆ ತಡಸ, ಶಿಗ್ಗಾವಿ, ಹಾನಗಲ್ಲ ಭಾಗದ ಬಹಳ ಮನೆಗಳಲ್ಲಿದೆ. ಈ ಬಗ್ಗೆ ನೀವು ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಇದು ಕೆಟ್ಟ ಬುದ್ಧಿಯಲ್ಲ

ಶಿಶು ಗರ್ಭದಲ್ಲಿರುವಾಗಲೇ ಬೆರಳು ಚೀಪುತ್ತದೆ. ಹುಟ್ಟಿದ ಮೇಲೆ ಹಸಿವಾದಾಗ, ನಿದ್ದೆ ಬಂದಾಗ, ಬೇಸರವಾದಾಗ, ಅಂಜಿದಾಗ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳಲು ಚೀಪುತ್ತದೆ. ಮನೆಯಲ್ಲಿ ಇನ್ನೊಂದು ಕೂಸು ಹುಟ್ಟಿದಾಗ ಅಥವಾ ತಾಯಿ ಕೂಲಿಗೆ ಹೋಗತೊಡಗಿದಾಗ ಈ ರೂಢಿ ಹೆಚ್ಚಾಗುವುದುಂಟು. ಬಹುತೇಕ ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗಿಯೇ ಬಿಡುತ್ತಾರೆ.

ಅಪಾಯ ಎಲ್ಲಿದೆ?

ಚೀಪುವುದಕ್ಕಿಂತ ಕೈಗೆ ಅಂಟಿದ ಹೊಲಸು ಹೆಚ್ಚು ಅಪಾಯಕಾರಿ. ಬಯಲಿನಲ್ಲಿ ಮಲವಿಸರ್ಜನೆ ಮಾಡಿದರೆ ಜಂತುಹುಳುವಿನ ತತ್ತಿಗಳು ಮಣ್ಣಿಗೆ ಸೇರುತ್ತವೆ. ಅಲ್ಲಿಂದ ಕೂಸಿನ ಉಗುರಿನ ಸಂದಿಗೆ, ಉಗುರಿನಿಂದ ಹೊಟ್ಟೆಗೆ ಹೋಗುತ್ತವೆ. ದಾರದಂತಹ ಇನ್ನೊಂದು ಸಣ್ಣ ಹುಳು ರಾತ್ರಿ ಹೊತ್ತು ಗುದದ್ವಾರದ ಸುತ್ತ ತತ್ತಿ ಇಡುತ್ತದೆ. ಅಲ್ಲಿ ತುರಿಸಿಕೊಂಡ ಬೆರಳು ಬಾಯಿಗೆ ಹೋದರೆ ಹುಳು ಮತ್ತೆ ಒಳಸೇರುತ್ತದೆ, ಮನೆಮಂದಿಗೂ ಹರಡುತ್ತದೆ.

ಹಲ್ಲು ಬರುವಾಗ ಭೇದಿ ಆಗಿಯೇ ಆಗುತ್ತದೆ ಎಂದು ಹಲವರು ಸುಮ್ಮನಿರುತ್ತಾರೆ. ಭೇದಿ ಹಲ್ಲಿನಿಂದ ಬರುವುದಿಲ್ಲ. ಒಸಡು ನವೆಯಾಗಿ ಕೂಸು ಹೊಲಸು ಕೈಯನ್ನು, ಆಟಿಕೆಯನ್ನು ಕಚ್ಚುವುದರಿಂದ ರೋಗಾಣುಗಳು ಒಳಹೋಗುತ್ತವೆ. ಭೇದಿಯಾದರೆ ಓ.ಆರ್.ಎಸ್. ನೀರು ಕುಡಿಸಿ, ಎದೆಹಾಲು ನಿಲ್ಲಿಸದೆ, ವೈದ್ಯರಿಗೆ ತೋರಿಸಿರಿ.

ಏನು ಮಾಡಬಾರದು?

ಬೆರಳಿಗೆ ಖಾರಪುಡಿ ಹಚ್ಚಬೇಡಿರಿ. ಕೂಸು ಅದೇ ಕೈಯಿಂದ ಕಣ್ಣು ಉಜ್ಜಿಕೊಳ್ಳುತ್ತದೆ. ಬೆರಳಿಗೆ ದಾರ ಅಥವಾ ಬಟ್ಟೆ ಬಿಗಿಯಾಗಿ ಕಟ್ಟಿದರೆ ರಕ್ತಸಂಚಾರ ನಿಲ್ಲಬಹುದು. ಬರೆ ಹಾಕುವುದಂತೂ ದೊಡ್ಡ ತಪ್ಪು. ಬೈದರೆ, ಹೊಡೆದರೆ, ನಾಲ್ಕು ಮಂದಿಯ ಮುಂದೆ ನಾಚಿಸಿದರೆ ಕೂಸು ಅಂಜುತ್ತದೆ. ಅಂಜಿದ ಕೂಸು ಇನ್ನಷ್ಟು ಚೀಪುತ್ತದೆ.

ಏನು ಮಾಡಬೇಕು?

1. ಯಾವ ಹೊತ್ತಿಗೆ ಚೀಪುತ್ತದೆ ಎಂದು ಎರಡು ಮೂರು ದಿನ ಗಮನಿಸಿರಿ. ಹಸಿವಿದ್ದರೆ ಉಣಿಸಿ, ನಿದ್ದೆ ಬಂದಿದ್ದರೆ ಮಲಗಿಸಿ, ಬೇಸರವಿದ್ದರೆ ಎತ್ತಿಕೊಂಡು ಮಾತಾಡಿಸಿರಿ.

2. ಬಾಯಿಂದ ಕೈ ಕಿತ್ತು ಎಳೆಯಬೇಡಿರಿ. ಎರಡೂ ಕೈಗೆ ಕೆಲಸ ಕೊಡಿರಿ: ತೊಳೆದ ಬಟ್ಟಲು ಮತ್ತು ಚಮಚ, ದೊಡ್ಡ ಚೆಂಡು, ಚಪ್ಪಾಳೆಯ ಆಟ, ಹಿಟ್ಟು ನಾದುವಾಗ ಒಂದು ಉಂಡೆ.

3. ಹಲ್ಲು ಬರುವ ಕೂಸಿಗೆ ತಣ್ಣೀರಿನಲ್ಲಿ ಅದ್ದಿದ ಸ್ವಚ್ಛ ಬಟ್ಟೆಯನ್ನು ನಿಮ್ಮ ಎದುರಿಗೇ ಕಚ್ಚಲು ಕೊಡಿರಿ.

4. ಚೀಪದೆ ಆಡಿದಾಗ ಮೆಚ್ಚಿ ಒಂದು ಮಾತಾಡಿರಿ. ಅಜ್ಜ, ಅಜ್ಜಿ, ಅಕ್ಕಂದಿರು ಎಲ್ಲರೂ ಒಂದೇ ರೀತಿ ನಡೆದುಕೊಳ್ಳಿರಿ.

5. ವಾರಕ್ಕೊಮ್ಮೆ ಉಗುರು ಕತ್ತರಿಸಿರಿ. ಉಣ್ಣುವ ಮೊದಲು, ಶೌಚದ ನಂತರ, ಮಣ್ಣಲ್ಲಿ ಆಡಿದ ಮೇಲೆ ಸಾಬೂನಿನಿಂದ 20 ಸೆಕೆಂಡು ಕೈ ತೊಳೆಯಿರಿ. ಹೊಲದಲ್ಲಿ ಎಣ್ಣೆ ಹೊಡೆದು ಬಂದವರು ಸ್ನಾನ ಮಾಡಿ, ಬಟ್ಟೆ ಬದಲಿಸಿದ ಮೇಲೆಯೇ ಕೂಸನ್ನು ಮುಟ್ಟಿರಿ.

6. ಶೇಂಗಾ ಕಾಳು, ಗುಂಡಿ, ನಾಣ್ಯ, ಸಣ್ಣ ಸೆಲ್ಲು ಕೈಗೆ ಸಿಗದಂತೆ ಇಡಿರಿ.

7. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವು 2015ರಲ್ಲಿ ಆರಂಭವಾಯಿತು. ಆ ದಿನ ಅಂಗನವಾಡಿಯಲ್ಲಿ ಅಲ್ಬೆಂಡಜೋಲ್ ಮಾತ್ರೆ ಉಚಿತ. 1ರಿಂದ 2 ವರ್ಷದವರಿಗೆ ಅರ್ಧ, 2 ವರ್ಷ ದಾಟಿದವರಿಗೆ ಒಂದು ಪೂರ್ತಿ. ಚಿಕ್ಕ ಮಕ್ಕಳಿಗೆ ಪುಡಿ ಮಾಡಿ ನೀರಿನಲ್ಲಿ ಕೊಡಬೇಕು. ಜ್ವರವಿದ್ದರೆ ಆ ದಿನ ಬೇಡ.

ವೈದ್ಯರನ್ನು ಯಾವಾಗ ಕಾಣಬೇಕು?

4 ವರ್ಷ ದಾಟಿದರೂ ಹಗಲೆಲ್ಲ ಚೀಪುತ್ತಿದ್ದರೆ ತೋರಿಸಿರಿ. ಸುಮಾರು 6ನೇ ವರ್ಷಕ್ಕೆ ಶಾಶ್ವತ ಹಲ್ಲು ಬರುತ್ತವೆ. ಆಗಲೂ ಚೀಪಿದರೆ ಮುಂದಿನ ಹಲ್ಲು ಉಬ್ಬುತ್ತವೆ. ಮಣ್ಣು, ಸುಣ್ಣ, ಬಳಪ ತಿನ್ನುವ ಮಗುವಿಗೆ ರಕ್ತಹೀನತೆ ಇರಬಹುದು; ರಕ್ತ ಪರೀಕ್ಷೆ ಮಾಡಿಸಿರಿ. ಬೆರಳು ಬಾತು ಕೀವಾದರೆ, ರಾತ್ರಿ ಗುದದಲ್ಲಿ ತುರಿಕೆ ಇದ್ದರೆ ತಡಮಾಡಬೇಡಿರಿ. ಸೆಲ್ಲು ನುಂಗಿದ ಅನುಮಾನ ಬಂದರೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೊರಡಿರಿ.

ರೂಢಿ ಬಿಡಲು ವಾರಗಳೇ ಹಿಡಿಯಬಹುದು. ಕೈ ಸ್ವಚ್ಛವಿರಲಿ, ಮನೆಯಲ್ಲಿ ಸಿಟ್ಟು ಕಡಿಮೆಯಿರಲಿ. ಕೂಸು ತಾನಾಗಿಯೇ ಬಿಡುತ್ತದೆ.